ಜಾಕು ತಿರುಗಿಸಿದ್ದು ನಾನು, ಹೆಸರು ಯಂಕೋಬನದು

ಯಂಕೋಬನ ಹೆಸರು ತೆಗೆಯದೆ ಜಾಕಿನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಎಷ್ಟೋ ಸಲ ಕುಳಿತೆ. ಪ್ರತಿ ಸಲವೂ ಎರಡನೆಯ ಸಾಲಿಗೇ ಅವನು ಬಂದು ನಿಂತ. ಬಸ್ಸು ನಿಂತ ಊರಲ್ಲೆಲ್ಲ ನನಗಿಂತ ಮೊದಲು ಇಳಿದು, ಯಾರದೋ ಕೈಯಿಂದ ಚಹಾ ಕುಡಿಯುತ್ತಿದ್ದ ಮನುಷ್ಯ ಅವನು. ಕಾಗದದ ಮೇಲೂ ಹಾಗೇ ಮಾಡುತ್ತಾನೆ. ಇರಲಿ, ಅವನನ್ನು ಕೂಡಿಸಿಕೊಂಡೇ ಬರೆಯುತ್ತೇನೆ. ಈಗ ಹೊಸದಾಗಿ ಡ್ರೈವರ್ ಕೆಲಸಕ್ಕೆ ಸೇರುವವರು ಇದನ್ನು ಓದಿದರೆ ಗಾಲಿ ಬದಲಿಸುವಾಗ ಜೀವ ಉಳಿಸಿಕೊಳ್ಳುವುದು ಹೇಗೆಂದು ತಿಳಿಯುತ್ತದೆ. ಜೊತೆಗಾರನ ಮೇಲೆ ಹೊಟ್ಟೆಕಿಚ್ಚು ಪಡುತ್ತಲೇ ಒಂದು ಉದ್ಯೋಗ ಮುಗಿಸುವುದು ಹೇಗೆಂಬುದೂ ತಿಳಿಯುತ್ತದೆ. ಎರಡನೆಯ ವಿಷಯದಲ್ಲಿ ನನ್ನ ಅನುಭವ ಹೆಚ್ಚು.

ನಾನು ಕುರ್ಡಿಯವನು, ಹೆಸರು ಬೀರಪ್ಪ. ನಮ್ಮದು ಕುರಿ ಕಾಯುವ ಮನೆತನ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ನಮ್ಮ ಸೀಮೆ ಇನ್ನೂ ನಿಜಾಮರ ಕೈಯಲ್ಲಿದ್ದಾಗ, ರಾಯಚೂರಿಗೆ ಬಂದು ಒಬ್ಬ ಸೇಠರ ಬಸ್ ಷೆಡ್ಡಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ನಿಂತೆ. ಸೇಠರ ಬಸ್ಸುಗಳು ಕೆಲವು ಮಾನ್ವಿಗೆ, ಕೆಲವು ದೇವದುರ್ಗಕ್ಕೆ ಹೋಗುತ್ತಿದ್ದವು. ನಾನು ಸೇರಿದ ವರ್ಷವೇ ಮಾನ್ವಿಯಿಂದ ಯಂಕೋಬ ಬಂದ. ಅವನದು ಕೂಲಿ ಮಾಡುವ ಮನೆತನ. ಇಬ್ಬರೂ ಒಟ್ಟಿಗೇ ಕ್ಲೀನರ್ ಆದೆವು, ಒಟ್ಟಿಗೇ ಸ್ಟೀರಿಂಗ್ ಹಿಡಿದೆವು. ಅಲ್ಲಿಯವರೆಗೆ ಸರಿಸಮವಾಗಿದ್ದೆವು. ಆಮೇಲೆ ಏನಾಯಿತೆಂದರೆ, ಅವನಿಗೆ ದೇವರು ನಗುವ ಮುಖ ಕೊಟ್ಟಿದ್ದ, ನನ್ನದು ಹುಟ್ಟಾ ಗಂಟುಮುಖ. ಅವನು ಸಾಹುಕಾರರ ಹತ್ತಿರ ಉರ್ದುವಿನಲ್ಲಿ, ತೆಲುಗಿನ ವ್ಯಾಪಾರಿಗಳ ಹತ್ತಿರ ತೆಲುಗಿನಲ್ಲಿ, ಮುದುಕಿಯರ ಹತ್ತಿರ ಮಾನ್ವಿಯ ಮಾತಿನಲ್ಲಿ ಸಲೀಸಾಗಿ ಬೆರೆಯುತ್ತಿದ್ದ. ನಾನು ಮೂರೂ ಭಾಷೆಯಲ್ಲಿ ಜಗಳವಾಡಬಲ್ಲವನಾಗಿದ್ದೆ. ಪೋತ್ನಾಳದ ಅಂಗಡಿಯವರು ಮಾನ್ವಿಗೆ ಬಂದು, ಎದುರಿಗೆ ನನ್ನ ಬಸ್ಸು ಹೊರಟು ನಿಂತಿದ್ದರೂ ಯಂಕೋಬನ ಬಸ್ಸು ಬರುವ ತನಕ ಕಾಯುತ್ತಿದ್ದರು. ಅದನ್ನು ಕನ್ನಡಿಯಲ್ಲಿ ನೋಡುತ್ತ ನಾನು ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೋಗುತ್ತಿದ್ದೆ.

ನಮ್ಮಿಬ್ಬರಿಗೂ ವಿದ್ಯೆ ಹೇಳಿಕೊಟ್ಟವರು ಷೆಡ್ಡಿನ ಮಿಸ್ತ್ರಿ ಖಾಸೀಂಸಾಬರು. ನಾವು ಉಸ್ತಾದ್ ಎನ್ನುತ್ತಿದ್ದೆವು. ಆಗಿನ ಜಾಕು ಈಗಿನ ಹಾಗೆ ಎಣ್ಣೆಯ ಜಾಕಲ್ಲ. ಕಬ್ಬಿಣದ ಗಡ್ಡೆಯೊಳಗೆ ದಪ್ಪ ತಿರುಪು, ಅದನ್ನು ಸಲಾಕೆಯಿಂದ ತಿರುಗಿಸುತ್ತ ಹೋದರೆ ಬಸ್ಸು ಏಳುತ್ತಿತ್ತು. ರಟ್ಟೆ ಬಿದ್ದುಹೋಗುತ್ತಿತ್ತು. ಉಸ್ತಾದರು ಮೊದಲ ದಿನ ಜಾಕನ್ನು ಮುಟ್ಟಗೊಡಲಿಲ್ಲ. ನಮ್ಮನ್ನು ಷೆಡ್ಡಿನ ಹಿಂದಿನ ಹೊಲಕ್ಕೆ ಕರೆದುಕೊಂಡು ಹೋಗಿ, ಹಿಮ್ಮಡಿಯಿಂದ ನೆಲ ಗುದ್ದಿ ನೋಡಿರೆಂದರು.

"ಜಾಕ ಅಂದ್ರ ಹಮಾಲ ಇದ್ದಂಗ," ಎಂದರು. "ಕಾಲ ಕೆಳಗಿನ ನೆಲ ಗಟ್ಟಿ ಇದ್ರ ಎಷ್ಟರ ಹೊರತಾನ. ನೆಲ ಜಾರಿದ್ರ ಮೂಟಿ ಯಾರ ಮ್ಯಾಲ ಬಿದ್ದೀತು ಅಂತ ಅವ ನೋಡಂಗಿಲ್ಲ."

ನಮ್ಮ ಎರೆ ನೆಲದಂಥ ಮೋಸದ ನೆಲ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುತ್ತದೆ, ಆದರೆ ಬಿರುಕು ಬಿಟ್ಟ ಹೆಂಟೆಯ ಮೇಲೆ ಜಾಕು ಇಟ್ಟರೆ ಹೆಂಟೆ ಸಮೇತ ವಾಲುತ್ತದೆ. ಮಳೆ ಹೋಗಿ ವಾರವಾದ ಮೇಲೆ ಇನ್ನೂ ಕೆಟ್ಟದ್ದು. ಮೇಲೆ ಹಪ್ಪಳದಂತೆ ಒಣಗಿರುತ್ತದೆ, ಕೆಳಗೆ ಮೆತ್ತಗಿರುತ್ತದೆ. ಅದಕ್ಕೇ ಉಸ್ತಾದರು ಜಾಕಿನ ಕೆಳಗೆ ಕರಿಜಾಲಿಯ ದಪ್ಪ ಹಲಗೆ ಇರಲೇಬೇಕೆಂದು ಹೇಳುತ್ತಿದ್ದರು. ಫರಸಿ ಕಲ್ಲು ಕೂಡದು. ಮರವಾದರೆ ಮುರಿಯುವ ಮೊದಲು ಕಿರಗುಟ್ಟಿ ಹೇಳುತ್ತದೆ, ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ.

ಉಳಿದ ಪಾಠವನ್ನೂ ಬರೆದುಬಿಡುತ್ತೇನೆ. ಟ್ಯೂಬು ಹಾಳಾದರೂ ಆಗಲಿ, ಬಸ್ಸನ್ನು ಸಮನಾದ ಜಾಗಕ್ಕೆ ತಂದು ನಿಲ್ಲಿಸಬೇಕು. ಹ್ಯಾಂಡ್ ಬ್ರೇಕು ಎಳೆದು, ಗೇರಿನಲ್ಲಿ ಬಿಟ್ಟು, ಎದುರು ಮೂಲೆಯ ಗಾಲಿಗೆ ಹಿಂದೆಮುಂದೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲೆ ಇರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಇದನ್ನು ಮರೆತು ನಾನೊಮ್ಮೆ ಮುಂದಿನ ಗಾಲಿಯನ್ನು ಮೊದಲು ಎತ್ತಿ, ಆಮೇಲೆ ನಟ್ಟು ಬಿಚ್ಚುವ ಪಾನಾ ಹಾಕಿದೆ. ಗಾಲಿಯೇ ಗಿರ್ರನೆ ತಿರುಗಿ ಪಾನಾ ಬಂದು ಮೊಣಕಾಲಿಗೆ ಬಡಿಯಿತು. ಯಂಕೋಬ ನಾನು ಕುಂಟುತ್ತ ನಡೆಯುವುದನ್ನು ಅಭಿನಯಿಸಿ ಷೆಡ್ಡಿನವರನ್ನೆಲ್ಲ ನಗಿಸಿದ. ಜಾಕನ್ನು ಆಕ್ಸಲಿನ ಕೆಳಗೆ ನೆಟ್ಟಗೆ ಕೂಡಿಸಬೇಕು, ಗಾಲಿ ನೆಲ ಬಿಡುವಷ್ಟೇ ಎತ್ತಬೇಕು, ಶೌರ್ಯ ತೋರಿಸಲು ಇನ್ನೂ ಎತ್ತರಿಸಬಾರದು. ಒಂದು ಗಾಲಿಯನ್ನು ಯಾವಾಗಲೂ ಬಸ್ಸಿನ ಹೊಟ್ಟೆಯ ಕೆಳಗೆ ಅಡ್ಡ ಮಲಗಿಸಿರಬೇಕು. ಜಾಕು ಕೈಕೊಟ್ಟರೆ ಬಸ್ಸು ಅದರ ಮೇಲೆ ಕೂರುತ್ತದೆ. ಮೈಯಿನ ಯಾವ ಭಾಗವೂ ಬಸ್ಸಿನಡಿ ಹೋಗಬಾರದು. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಗಾಲಿ ನೆಲಕ್ಕಿಳಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ನಾಲ್ಕು ಮೈಲಿ ಹೋಗಿ ಮತ್ತೆ ನೋಡಬೇಕು. ಇದಕ್ಕೆಲ್ಲ ಮೊದಲು ಬಸ್ಸಿನಲ್ಲಿದ್ದವರನ್ನು ಇಳಿಸಬೇಕು.

ಆ ಕೊನೆಯದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಗಾಲಿ ಬಿಚ್ಚುವುದು ಕಬ್ಬಿಣದ ಜೊತೆಗಿನ ವ್ಯವಹಾರ, ಇಳಿಸುವುದು ಜನರ ಜೊತೆಗಿನದು. ಸಂತೆಯ ದಿನ ಮಾನ್ವಿಯ ಬಸ್ಸಿನಲ್ಲಿ ಸೀಟು ಹಿಡಿದವನು ಪ್ರಾಣ ಹೋದರೂ ಇಳಿಯಲಾರ. ಇಳಿದರೆ ನಿಂತವನು ಕೂರುತ್ತಾನೆ. ಒಂದು ಸಲ ಕಷ್ಟಪಟ್ಟು ಎಲ್ಲರನ್ನೂ ಇಳಿಸಿ ಗಾಲಿ ಬಿಚ್ಚಿದ್ದೆ. ತಲೆ ಎತ್ತಿ ನೋಡುತ್ತೇನೆ, ಆ ಬದಿಯ ಬಾಗಿಲಿನಿಂದ ಅರ್ಧ ಸಂತೆ ಮತ್ತೆ ಒಳಗೆ ಹತ್ತಿದೆ. ಬಸ್ಸು ಜಾಕಿನ ಮೇಲೆ ತೂಗುತ್ತಿದೆ, ಒಳಗೆ ಟವೆಲು ಹಾಸಿ ಸೀಟಿಗೆ ಜಗಳ ನಡೆದಿದೆ. ನಾನು ಒಬ್ಬ ದೊಡ್ಡ ಮನುಷ್ಯನ ರಟ್ಟೆ ಹಿಡಿದು ಕೆಳಗೆಳೆದೆ. ಅವರು ಸೀದಾ ಸೇಠರ ಹತ್ತಿರ ಹೋಗಿ ನಿಮ್ಮ ಡ್ರೈವರನಿಗೆ ಅದಬು, ಮರ್ಯಾದೆ ಇಲ್ಲವೆಂದು ತಕರಾರು ಕೊಟ್ಟರು.

ಯಂಕೋಬನಿಗೆ ಇಂಥ ತಾಪತ್ರಯವೇ ಇರಲಿಲ್ಲ. ಅವನು ಯಾರನ್ನೂ ಇಳಿಸುತ್ತಿರಲಿಲ್ಲ. ಹಲಗೆಯನ್ನೂ ಒಯ್ಯುತ್ತಿರಲಿಲ್ಲ, ಆ ಜಾಗದಲ್ಲಿ ಮುದುಕಿಯರ ಗಂಟು ಇಡಿಸುತ್ತಿದ್ದ. ದಾರಿ ಬದಿ ಸಿಕ್ಕ ಚಪ್ಪಟೆ ಕಲ್ಲನ್ನು ಜಾಕಿಗೆ ಕೊಟ್ಟು, ಕಥೆ ಹೇಳುತ್ತ, ಕಿಟಕಿಯವರನ್ನು ನಗಿಸುತ್ತ ಗಾಲಿ ಬದಲಿಸಿಬಿಡುತ್ತಿದ್ದ. ಜನ ಅದನ್ನು ತಮಾಷೆ ನೋಡಿದಂತೆ ನೋಡುತ್ತಿದ್ದರು. ನನ್ನ ಬಸ್ಸಿನವರು ಬಿಸಿಲಲ್ಲಿ ನಿಂತು ನನ್ನ ಹಲಗೆ ತೋರಿಸಿ, ಡ್ರೈವರ್ ಸಾಹೇಬರು ಊಟಕ್ಕೆ ಕೂರುವ ಮಣೆಯನ್ನೂ ಜೊತೆಗೇ ತಂದಿದ್ದಾರೆ ಎಂದು ನಗುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಉಸ್ತಾದರು ಹೇಳಿದ್ದನ್ನೆಲ್ಲ ಮಾಡುವವನು ನಾನು, ಒಂದನ್ನೂ ಮಾಡದೆ ಹೊಗಳಿಸಿಕೊಳ್ಳುವವನು ಅವನು. ಒಂದು ದಿನವಾದರೂ ಅವನ ಕಲ್ಲು ಒಡೆಯಬಾರದೇ ಎಂದು ಅನ್ನಿಸುತ್ತಿತ್ತು. ಅವನಿಗೆ ಪೆಟ್ಟಾಗಲಿ ಎಂದಲ್ಲ, ಜನ ನೋಡಲಿ ಎಂದು.

ಯುದ್ಧ ಶುರುವಾಗಿ ಬೆಳೆದ ಹಾಗೆ ಟೈರು ಸಿಗುವುದೇ ನಿಂತುಹೋಯಿತು. ಸವೆದ ಟೈರಿಗೆ ಮತ್ತೆ ರಬ್ಬರು ಹಚ್ಚಿಸಿ, ಹರಿದ ಕಡೆ ಒಳಗಿನಿಂದ ಹಳೆಯ ಟೈರಿನ ತುಂಡು ಕೊಟ್ಟು ಓಡಿಸುತ್ತಿದ್ದೆವು. ಪೆಟ್ರೋಲೂ ಇಲ್ಲ. ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಿಲು ಸುಟ್ಟು ಅದರ ಗ್ಯಾಸಿನಿಂದ ಓಡಿಸುವ ಕಾಲ ಬಂತು. ಏರು ಬಂದರೆ ಜನ ಇಳಿದು ನೂಕಬೇಕಿತ್ತು. ನೂಕಲು ಇಳಿಯುವವರು ಜಾಕಿಗೆ ಮಾತ್ರ ಇಳಿಯುತ್ತಿರಲಿಲ್ಲ. ಪಂಚರ್ ಆಗದ ದಿನವೇ ಅಪರೂಪವಾಗಿದ್ದ ಅಂಥ ಕಾಲದಲ್ಲಿ ಸೇಠರು ಎಲ್ಲಿಂದಲೋ, ಪೆಟ್ರೋಲಿನ ಪರ್ಮಿಟ್ ಸಮೇತ, ಒಂದು ಹೊಸ ಪೆಟ್ರೋಲ್ ಬಸ್ಸು ತಂದರು. ದೇವದುರ್ಗದ ದಾರಿಗೆ ಅದು. ಹಸಿರು ಬಣ್ಣ, ಗಾಜಿನ ಕಿಟಕಿ, ಡ್ರೈವರನಿಗೆ ಬೇರೆ ಬಾಗಿಲು. ಷೆಡ್ಡಿಗೆ ಬಂದ ದಿನ ನಾನು ಅದರ ಸ್ಟೀರಿಂಗ್ ಮುಟ್ಟಿ ನೋಡಿದೆ. ಅಷ್ಟು ಆಸೆ ನನಗೆ ಜೀವಮಾನದಲ್ಲಿ ಇನ್ನಾವುದರ ಮೇಲೂ ಹುಟ್ಟಲಿಲ್ಲ.

ಸೇಠರು ನಮ್ಮಿಬ್ಬರನ್ನೂ ಕರೆದು, ಮಳೆಗಾಲ ಮುಗಿಯುವ ಹೊತ್ತಿಗೆ ಯಾರ ಮೇಲೆ ತಕರಾರು ಕಡಿಮೆಯೋ ಅವರಿಗೆ ಈ ಬಸ್ಸು ಎಂದರು. ಆಗಲೇ ನನ್ನ ಮೇಲೆ ಮಾನ್ವಿಯ ತಕರಾರು ಇತ್ತು. ಆದರೂ ಆ ಮಳೆಗಾಲವೆಲ್ಲ ಹಲ್ಲು ಕಚ್ಚಿ ನಯವಾಗಿ ನಡೆದುಕೊಂಡೆ. ಕೈಮುಗಿದು ಇಳಿಸಿದೆ, ನಗಲು ಕೂಡ ಪ್ರಯತ್ನಿಸಿದೆ. ನಾನು ನಕ್ಕರೆ ಜನ ಇನ್ನಷ್ಟು ಹೆದರುತ್ತಿದ್ದರು.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಷೆಡ್ಡಿಗೆ ಸುದ್ದಿ ಬಂತು. ಆ ವರ್ಷ ದೇವದುರ್ಗದ ದಾರಿಯಲ್ಲಿ ಹಳೆಯ ಬಸ್ಸು ಓಡಿಸುತ್ತಿದ್ದ ಯಂಕೋಬನಿಗೆ ಪೆಟ್ಟಾಗಿದೆ. ಆಗ ಬಸ್ಸುಗಳಲ್ಲಿ ಡ್ರೈವರನ ಹಿಂದಿನ ಸೀಟುಗಳಿಗೆ ಪರದೆ ಕಟ್ಟಿ ಹೆಂಗಸರಿಗೆ ಬಿಡುತ್ತಿದ್ದರು. ಅವತ್ತು ಪರದೆಯ ಹಿಂದೆ ದೇವದುರ್ಗ ಸೀಮೆಯ ಒಬ್ಬ ಜಾಗೀರದಾರರ ಮನೆಯವರು ಕುಳಿತಿದ್ದರು. ಪರದೆಯ ಹೆಂಗಸರನ್ನು ನಡುದಾರಿಯಲ್ಲಿ, ಗಂಡಸರ ಕಣ್ಣ ಮುಂದೆ ಇಳಿಸುವುದೆಂದರೆ ಆ ಕಾಲಕ್ಕೆ ದೊಡ್ಡ ಅವಮರ್ಯಾದೆ. ಡ್ರೈವರುಗಳು ಕೇಳುತ್ತಲೂ ಇರಲಿಲ್ಲ, ಅವರು ಇಳಿಯುತ್ತಲೂ ಇರಲಿಲ್ಲ. ಯಂಕೋಬ ಪರದೆಗೆ ಸಲಾಮು ಮಾಡಿ, ತಾವು ಕುಳಿತೇ ಇರಬೇಕೆಂದು ಹೇಳಿ, ಎಂದಿನಂತೆ ಕಲ್ಲು ಕೊಟ್ಟು ಎತ್ತಿದ್ದಾನೆ. ಹಪ್ಪಳದಂಥ ನೆಲ ಒಳಗೆ ಹೋಗಿದೆ, ಕಲ್ಲು ಒಡೆದಿದೆ, ಜಾಕು ಮಗ್ಗುಲಾಗಿದೆ. ಗಾಲಿ ಕೂಡಿಸುತ್ತಿದ್ದ ಅವನ ಎಡಗೈ ಗಾಲಿಗೂ ಮಡ್ಗಾರ್ಡಿಗೂ ನಡುವೆ ಸಿಕ್ಕಿದೆ. ಒಳಗಿನ ಹೆಂಗಸರು ಹೆದರಿಯಾರೆಂದು ಅವನು ಹಲ್ಲುಕಚ್ಚಿ ಕೂಗದೆ ನಿಂತಿದ್ದನಂತೆ. ಎರಡು ಬೆರಳು ಹೋದವು, ಉಳಿದವುಗಳಲ್ಲಿ ಹಿಡಿತ ಉಳಿಯಲಿಲ್ಲ.

ಸರ್ಕಾರಿ ದವಾಖಾನೆಗೆ ನೋಡಲು ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಮಾನ್ವಿಯಿಂದ ಬಂದವರು, ದೇವದುರ್ಗದಿಂದ ಬಂದವರು, ಅವನ ಬಸ್ಸಿನಲ್ಲಿ ಒಮ್ಮೆ ಕೂತವರು, ಹಾದಿಯಲ್ಲಿ ಒಮ್ಮೆ ಕಂಡವರು. ಜಾಗೀರದಾರರ ಮನೆಯಿಂದ ಊಟದ ಡಬ್ಬಿ ಬಂದಿತ್ತು. ಬೆರಳು ಕಳಕೊಂಡನೇ ಹೊರತು ಹೆಂಗಸರ ಕಾಲು ಮಣ್ಣಿಗೆ ತಾಗಗೊಡಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣೊರೆಸುತ್ತಿದ್ದರು. ಯಂಕೋಬ ಬಿಳಿ ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು ಎಲ್ಲರಿಗೂ ನಗುತ್ತಿದ್ದ. ನನಗೆ ಮರುಕವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುಕ ಬಾಗಿಲಲ್ಲೇ ನಿಂತಿತು, ಹೊಟ್ಟೆಕಿಚ್ಚು ಒಳಗೆ ಹೋಗಿ ಅವನ ಮಂಚದ ಮೇಲೆ ಕೂತಿತು. ಅಷ್ಟು ವರ್ಷ ಒಬ್ಬರಿಗೂ ಒಂದು ಗೀರು ಬೀಳದಂತೆ ನಾನು ಗಾಲಿ ಬದಲಿಸಿದ್ದೆ. ಅದಕ್ಕೆ ಯಾರು ಡಬ್ಬಿ ತಂದಿದ್ದರು? ಆಗದೆ ಹೋದ ಅಪಘಾತವನ್ನು ನೋಡಲು ಯಾರೂ ಬರುವುದಿಲ್ಲ.

ಹೊರಗೆ ಬಂದು ಉಸ್ತಾದರಿಗೆ ಹೇಳಿದೆ: "ನೀವು ಹೇಳಿದ್ದು ಒಂದರ ಮಾಡ್ಯಾನೇನ್ರಿ ಅವ? ಹಲಗಿ ಇಲ್ಲ, ಮಂದಿ ಇಳಿಸಿಲ್ಲ. ಅವನ ತಪ್ಪಿಗೆ ಅವಗ ಸನ್ಮಾನ ನಡಿಯಾಕತ್ತದ."

"ಖರೇನ ಅದ," ಎಂದರು ಉಸ್ತಾದರು. "ಆದ್ರ ಈ ಮಾತ ಇವತ್ತ ಯಾರ ಮುಂದೂ ಆಡಬ್ಯಾಡ. ಆಡಿದ್ರ ನೀನ ಸಣ್ಣಾವ ಆಗ್ತಿ."

ಹೊಸ ಬಸ್ಸು ಯಾರಿಗೆ ಹೋಯಿತೆಂದು ನಾನು ಹೇಳಬೇಕಾಗಿಲ್ಲ. ಜಾಗೀರದಾರರೇ ಸೇಠರಿಗೆ ಹೇಳಿಕಳಿಸಿದರು, ನಮ್ಮ ದಾರಿಗೆ ಯಂಕೋಬನೇ ಬೇಕೆಂದು. ಅಷ್ಟಾದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಕೈಯಲ್ಲಿ ಅವನು ಸ್ಟೀರಿಂಗ್ ಹಿಡಿಯಬಲ್ಲ, ಸಲಾಕೆ ತಿರುಗಿಸಲಾರ. ಜಾಕಿನ ಕೆಲಸ ನನ್ನಷ್ಟು ಬಲ್ಲವರಿಲ್ಲವೆಂದು ಸೇಠರು ಅದೇ ಬಸ್ಸಿಗೆ ನನ್ನನ್ನು ಎರಡನೆಯ ಡ್ರೈವರ್ ಎಂದು ಹಾಕಿದರು. ನನ್ನ ಬಗ್ಗೆ ಅವರು ಆಡಿದ ಒಂದೇ ಒಂದು ಮೆಚ್ಚುಗೆಯ ಮಾತು ಅದು, ಅದೇ ನನ್ನನ್ನು ಯಂಕೋಬನ ಕೆಳಗೆ ತಂದು ನಿಲ್ಲಿಸಿತು.

ಹೀಗೆ ಅವನು ಓಡಿಸುವುದು, ನಾನು ಬಸ್ಸಿನ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು ತಿರುಗಿಸುವುದು ಶುರುವಾಯಿತು. ಏರು ಇಳಿವು ಇಲ್ಲದ ಕಡೆ ಅವನು ನನಗೂ ಸ್ಟೀರಿಂಗ್ ಕೊಡುತ್ತಿದ್ದ, ಊರು ಹತ್ತಿರ ಬಂದಂತೆ ನಾನೇ ಅವನಿಗೆ ಬಿಟ್ಟುಕೊಡುತ್ತಿದ್ದೆ. ಊರವರು ನನ್ನನ್ನು ಡ್ರೈವರನ ಸೀಟಿನಲ್ಲಿ ಕಂಡು ಯಂಕೋಬ ಎಲ್ಲಿ, ಮೈಗೆ ಹುಷಾರಿಲ್ಲವೇ ಎಂದು ಕೇಳುವುದನ್ನು ಕೇಳಲಾಗುತ್ತಿರಲಿಲ್ಲ. ಅವನು ಕೆಟ್ಟವನಾಗಿದ್ದರೆ ನನ್ನ ಸಂಕಟಕ್ಕೆ ಒಂದು ಆಸರೆಯಾದರೂ ಇರುತ್ತಿತ್ತು. ಅವನು ತನ್ನ ಬುತ್ತಿಯಲ್ಲಿ ನನಗೆ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದ. ಸಿಕ್ಕವರ ಮುಂದೆಲ್ಲ, ನನ್ನ ಬೀರಪ್ಪನಂಥ ಕೆಲಸಗಾರ ಇಡೀ ಸೂಬಾದಲ್ಲಿ ಇಲ್ಲವೆಂದು ಹೇಳುತ್ತಿದ್ದ. ಕೇಳಿದವರು ನನ್ನ ಕಡೆ ಒಮ್ಮೆ ನೋಡಿ, ಯಂಕೋಬನ ಮನಸ್ಸು ಎಷ್ಟು ದೊಡ್ಡದೆಂದು ತಲೆದೂಗುತ್ತಿದ್ದರು. ರೊಟ್ಟಿ ಮಾತ್ರ ತಿನ್ನುತ್ತಿದ್ದೆ. ಅವನ ಹೆಂಡತಿಯ ಕೈರುಚಿ ಚೆನ್ನಾಗಿತ್ತು, ಅದೂ ನನಗೆ ಸಹಿಸದ ವಿಷಯವೇ ಆಗಿತ್ತು.

ಹಿಂಗಾರಿ ಜೋಳ ಆಳೆತ್ತರ ದಾಟಿ ತೆನೆ ಬಿಟ್ಟಿದ್ದ ಕಾಲ. ಆ ಜಾಗೀರದಾರರ ಮನೆಯವರೇ ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಿದ್ದರು. ಪರದೆಯ ಹಿಂದೆ ದೊಡ್ಡ ಬೀಬಿ, ಅಂದರೆ ಜಾಗೀರದಾರರ ತಾಯಿ. ಅವರ ಜೊತೆ ಇಬ್ಬರು ಸೊಸೆಯರು, ಒಬ್ಬಾಕೆಯ ತೊಡೆಯ ಮೇಲೆ ಎಳೆಗೂಸು. ಅವರ ತಲೆಯ ಮೇಲೆ ಸಾಮಾನು ಇಡುವ ಅಟ್ಟಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ. ಗಬ್ಬೂರು ದಾಟಿದ ಮೇಲೆ, ನೆತ್ತಿಯ ಮೇಲೆ ಬಿಸಿಲಿದ್ದಾಗ, ಹಿಂದಿನ ಗಾಲಿ ಕೂತಿತು. ಎರಡೂ ಕಡೆ ಎರೆ ಹೊಲ, ಹೊಲದ ತುಂಬ ಜೋಳ. ಗಂಡಸರೆಲ್ಲ ಇಳಿದರು. ನಾನು ಹಲಗೆ, ಜಾಕು ತೆಗೆದಿಟ್ಟೆ. ಹೊಸ ಬಸ್ಸಿಗೆ ಸೇಠರು ಕೊಟ್ಟಿದ್ದು ಷೆಡ್ಡಿನ ಹಳೆಯ ಜಾಕು. ಅದರ ತಿರುಪು ಸವೆದಿದೆ ಎಂದು ನಾನು ಹೇಳಿದ್ದೆ. ಯುದ್ಧದ ಕಾಲದಲ್ಲಿ ಬೇರೆ ಎಲ್ಲಿಂದ ತರಲಿ ಎಂದಿದ್ದರು.

ಒಳಗಿನವರನ್ನು ಇಳಿಸು ಎಂದು ಯಂಕೋಬನಿಗೆ ಹೇಳಿದೆ.

"ಅವ್ರು ಇಳಿಯಂಗಿಲ್ಲಪ," ಎಂದ. "ನಾ ಹೆಂಗ ಕೇಳ್ಲಿ? ನೀ ಹಲಗಿ ಹಾಕ್ತಿ, ನಿನ್ನ ಕೈ ಗಟ್ಟಿ ಅದ. ಎತ್ತು."

ನಾನು ಹಲಗೆಯನ್ನು ನೆಲದ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟೆ. ಅವರು ಇಳಿಯುವ ತನಕ ಜಾಕು ಮುಟ್ಟುವುದಿಲ್ಲವೆಂದೆ. ಗಂಡಸರು ಗೊಣಗತೊಡಗಿದರು. ಯಂಕೋಬ ನನ್ನ ಹತ್ತಿರ ಬಗ್ಗಿ ಮೆಲ್ಲಗೆ, ಸೇಠರಿಗೆ ಸುದ್ದಿ ಹೋದರೆ ನಿನ್ನ ಕೆಲಸ ಹೋಗುತ್ತದೆ ಎಂದ. ಅದು ಬೆದರಿಕೆಯಾಗಿರಲಿಲ್ಲ, ನಿಜಕ್ಕೂ ನನಗಾಗಿ ಹೆದರಿದ್ದ. ನನಗೋ, ಅಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಮಾತಾಗಿ ಹೊರಬಿತ್ತು.

"ಕೆಲಸ ಹೋದ್ರ ಹೋಗ್ಲಿ," ಎಂದೆ. "ನಿನಗ ಬೆರಳ ಹೋಗಿ ಹೆಸರು ಬಂತು. ನನ್ನ ಕೈಯಾಗ ಬಸ್ ಬಿದ್ರ ನನಗ ಬರೋದು ಬೇಡಿ. ನನಗ ಯಾವ ಡಬ್ಬಿನೂ ಬರಂಗಿಲ್ಲ, ಯಂಕೋಬ."

ಅವನ ಮುಖದಿಂದ ನಗು ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡ. ಆಮೇಲೆ ಹೋಗಿ ಪರದೆಯ ಮುಂದೆ ತಲೆ ತಗ್ಗಿಸಿ ಮಾತಾಡತೊಡಗಿದ. ಉರ್ದುವಿನಲ್ಲಿ, ಮೆಲುದನಿಯಲ್ಲಿ, ತನ್ನ ಕೈಯ ಸಂಗತಿಯನ್ನೇ ಹೇಳಿದ. ಅವತ್ತು ಕೂಗದೆ ನಿಂತದ್ದು ಹೌದು, ಆದರೆ ತಪ್ಪು ನನ್ನದೇ, ನಿಮ್ಮನ್ನು ಮೇಲೆ ಕೂಡಿಸಿಕೊಂಡು ಎತ್ತಬಾರದಿತ್ತು ಎಂದ. ಪರದೆಯ ಹಿಂದೆ ಗುಸುಗುಸು ನಡೆಯಿತು. ಇಳಿದು ನಾವು ನಿಲ್ಲುವುದೆಲ್ಲಿ ಎಂದು ದೊಡ್ಡ ಬೀಬಿಯ ದನಿ ಬಂತು. ಯಂಕೋಬ ತಡಮಾಡದೆ ಹೊಲದ ಕಡೆ ಕೈತೋರಿಸಿದ.

"ಜ್ವಾಳದಾಗ ನಿಲ್ರಿ, ಬೀಬೀ. ಅಲ್ಲಿ ನಿಂತ್ರ ಸೂರ್ಯಗೂ ಕಾಣಂಗಿಲ್ಲ."

ಜೋಳದ ಹೊಲ ಅಷ್ಟು ಹೊತ್ತಿನಿಂದ ನನ್ನ ಕಣ್ಣ ಮುಂದೆಯೇ ಇತ್ತು. ಅದು ಪರದೆಯಾದೀತೆಂದು ನನಗೆ ಹೊಳೆದಿರಲಿಲ್ಲ. ಗಂಡಸರನ್ನೆಲ್ಲ ಆ ಬದಿಗೆ ಮುಖ ತಿರುಗಿಸಿ ನಿಲ್ಲಿಸಿ, ಬಾಗಿಲಿನಿಂದ ಹೊಲದ ಬದುವಿನ ತನಕ ಎರಡು ಜಮಖಾನೆ ಹಿಡಿಸಿ ಅವನು ದಾರಿ ಮಾಡಿದ. ಮೂವರೂ ಇಳಿದು ಜೋಳದೊಳಗೆ ಹೋದರು. ಮಗು ಅಳುವುದು ತೆನೆಗಳ ನಡುವಿನಿಂದ ಕೇಳಿಸುತ್ತಿತ್ತು.

ನಾನು ಕೆಲಸಕ್ಕೆ ಇಳಿದೆ. ಎದುರು ಮೂಲೆಗೆ ಕಲ್ಲು ಕೊಟ್ಟೆ, ನಟ್ಟು ಸಡಿಲಿಸಿದೆ, ಹಲಗೆ ಹಾಕಿ ಜಾಕು ನೆಟ್ಟಗೆ ಕೂಡಿಸಿ ತಿರುಗಿಸಿದೆ. ಬದಲಿ ಗಾಲಿಯಾದ ಸ್ಟೆಪ್ನಿಯನ್ನು ಬಸ್ಸಿನಡಿ ಮಲಗಿಸಿದ ಮೇಲೆಯೇ ಪಂಚರಾದ ಗಾಲಿಯನ್ನು ಬಿಚ್ಚಿದೆ. ಅದನ್ನು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಬಂದಿದ್ದೆನಷ್ಟೆ, ಹಲಗೆ ಅಲುಗಲಿಲ್ಲ, ನೆಲ ಜಾರಲಿಲ್ಲ, ಜಾಕಿನ ಸವೆದ ತಿರುಪೇ ಹಾರಿಹೋಯಿತು. ಬಸ್ಸು ದಡ್ಡನೆ ಸ್ಟೆಪ್ನಿಯ ಮೇಲೆ ಕೂತು, ಒಂದು ಕಡೆ ವಾಲಿ ನಿಂತಿತು. ಒಳಗೆ ಗಾಜು ಒಡೆದ ಸದ್ದು, ಆಮೇಲೆ ಏನೋ ಭಾರವಾದದ್ದು ಬಿದ್ದ ಸದ್ದು. ಹೋಗಿ ನೋಡಿದರೆ ಮೇಲಿನ ತಗಡಿನ ಪೆಟ್ಟಿಗೆ ಜಾರಿ ಬಂದು ಕೂಸಿನ ತಾಯಿ ಕುಳಿತಿದ್ದ ಸೀಟಿನ ಮೇಲೆ ಮೂಲೆ ಊರಿ ಬಿದ್ದಿತ್ತು. ಸೀಟಿನ ತೊಗಲು ಹರಿದು ಒಳಗಿನ ನಾರು ಹೊರಗೆ ಬಂದಿತ್ತು. ಮಗುವಿನ ಹಾಲಿನ ಲೋಟ ಅದರಡಿ ಚಪ್ಪಟೆಯಾಗಿತ್ತು. ನಾನು ಕೆಳಗಿಳಿದು ರಸ್ತೆಯಲ್ಲೇ ಕುಳಿತೆ.

ಹಿಂದಿನಿಂದ ಬಂದ ಇನ್ನೊಂದು ಬಸ್ಸಿನ ಜಾಕು ಇಸಿದುಕೊಂಡು ಗಾಲಿ ಹಾಕಿದೆವು. ಹೊರಡುವ ಮೊದಲು ದೊಡ್ಡ ಬೀಬಿ ಜಮಖಾನೆಯ ಆಚೆಯಿಂದ ಯಂಕೋಬನನ್ನು ಕರೆದರು. ಅಷ್ಟು ಹೊತ್ತಿಗೆ ಸೀಟು, ಪೆಟ್ಟಿಗೆ ಎಲ್ಲ ನೋಡಿದ್ದರು. ಆ ದನಿ ಅಳುತ್ತಿತ್ತು. ಹಿಂದೆ ನಮ್ಮ ಮಾನ ಕಾಯ್ದಿ, ಇವತ್ತು ನಮ್ಮ ಮನೆಯ ದೀಪ ಕಾಯ್ದಿ ಎಂದರು. ನಾನು ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನಟ್ಟು ಬಿಗಿಯುತ್ತಿದ್ದೆ. ಇನ್ನೇನು ಅವನು ತಲೆಬಾಗಿ ಸಲಾಮು ಮಾಡುತ್ತಾನೆ ಎಂದುಕೊಂಡೆ.

"ನಾ ಅಲ್ರಿ, ಬೀಬೀ," ಎಂದ ಯಂಕೋಬ, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲೇ. "ನಾ ಇಳಸೂದು ಬ್ಯಾಡ ಅಂದಿದ್ದೆ. ಹಠ ಹಿಡದಾವ ಬೀರಪ್ಪ. ನಿಮ್ಮ ಕೂಸು ಉಳದದ್ದು ಅವನಿಂದ."

ಪಾನಾ ನನ್ನ ಕೈಯಲ್ಲೇ ನಿಂತಿತು. ದೊಡ್ಡ ಬೀಬಿ ಸೊಸೆಯರ ಕಡೆ ತಿರುಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನೋಡ್ರೆವ್ವಾ, ಎಂಥಾ ಮನಿಷ್ಯಾ ಅದಾನ. ತನ್ನ ಪುಣ್ಯಾನೂ ಕೈಕೆಳಗಿನವಗ ಕೊಟ್ಟಬಿಟ್ಟ."

ಯಂಕೋಬ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಉಳಿದ ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ. ಅವನು ಇನ್ನೊಮ್ಮೆ ಹೇಳಲು ಹೋದರೆ ಇನ್ನಷ್ಟು ದೊಡ್ಡವನಾಗುತ್ತಿದ್ದ.

ಆ ವರ್ಷದಿಂದ ದೇವದುರ್ಗದ ದಾರಿಯಲ್ಲಿ ಹೊಸ ರೂಢಿ ಬಿತ್ತು. ಗಾಲಿ ಕೂತಿತೆಂದರೆ ಜನ ತಾವಾಗಿ ಇಳಿಯತೊಡಗಿದರು. ದೊಡ್ಡ ಬೀಬಿಯೇ ಇಳಿದು ಜೋಳದಲ್ಲಿ ನಿಂತರಂತೆ ಎಂದ ಮೇಲೆ ಬೇರೆ ಮನೆಗಳ ಹೆಂಗಸರಿಗೂ ಅದು ಅವಮಾನವಾಗಿ ಉಳಿಯಲಿಲ್ಲ. ಹೊಲ ಖಾಲಿ ಇರುವ ಕಾಲದಲ್ಲಿ ಜಮಖಾನೆ ಹಿಡಿಯುತ್ತಿದ್ದರು. ಮಾನ್ವಿಯ ಸಂತೆಯ ಜನ ಕೂಡ ಕ್ರಮೇಣ ಕಲಿತರು. ಉಸ್ತಾದರು ಎಷ್ಟು ಹೇಳಿದರೂ, ನಾನು ಎಷ್ಟು ಜನರ ರಟ್ಟೆ ಹಿಡಿದು ಎಳೆದರೂ ಆಗದಿದ್ದದ್ದು ಆಯಿತು. ಎಲ್ಲರೂ ಅದನ್ನು ಯಂಕೋಬ ಹಾಕಿಕೊಟ್ಟ ಪದ್ಧತಿ ಎಂದು ಕರೆದರು. ಕೆಲವು ವರ್ಷಗಳ ಮೇಲೆ ಸೇಠರ ವ್ಯವಹಾರ ಮುಚ್ಚಿತು, ನಾವಿಬ್ಬರೂ ಬೇರೆ ಬೇರೆ ಕಡೆ ಕೆಲಸ ಹಿಡಿದೆವು. ನನಗೂ ಆಮೇಲೆ ಹೊಸ ಬಸ್ಸುಗಳು ಸಿಕ್ಕವು. ಯಾವುದೂ ಆ ಹಸಿರು ಬಸ್ಸಲ್ಲ.

ಯಂಕೋಬ ಹೋಗಿ ಈಗ ಬಹಳ ಕಾಲವಾಯಿತು. ಈಚೆಗೆ ನಾನು ದೇವದುರ್ಗಕ್ಕೆ ಹೊರಟಿದ್ದಾಗ ಬಸ್ಸು ಪಂಚರಾಯಿತು. ಡ್ರೈವರು ಎಲ್ಲರನ್ನೂ ಇಳಿಸಿದ. ಯಾಕಪ್ಪ, ವಯಸ್ಸಾದವರನ್ನೂ ಇಳಿಸುತ್ತೀಯಲ್ಲ ಎಂದು ಬೇಕೆಂದೇ ಕೇಳಿದೆ. ಹಿಂದೆ ಯಂಕೋಬಣ್ಣ ಎಂಬ ಡ್ರೈವರು ಹಾಕಿಕೊಟ್ಟ ಪದ್ಧತಿ ಎಂದು ಅವನು ಗೌರವದಿಂದ ಹೇಳಿದ. ಅವನ ಜೊತೆ ಇನ್ನೊಬ್ಬ ಇದ್ದನಲ್ಲ ಎಂದೆ.

"ಇದ್ದಿರಬೇಕ್ರಿ, ಯಜಮಾನ್ರ," ಎಂದ ಅವನು. "ಜಾಕ ತಿರುವಾಕ ಒಬ್ಬರರ ಬೇಕಲ್ಲ."

ನಾನು ಹೆಸರು ಹೇಳಲಿಲ್ಲ. ಹೇಳಬಹುದಿತ್ತು, ಬಾಯಿಗೆ ಬಂದಿತ್ತು. ಆದರೆ ಅವತ್ತು ಆ ಬಿಸಿಲಲ್ಲಿ ಪರದೆಯ ಮುಂದೆ ನಾನು ಹೋಗಿ ನಿಂತು ಕೇಳಿದ್ದರೆ ಒಬ್ಬರೂ ಇಳಿಯುತ್ತಿರಲಿಲ್ಲ. ನಾನು ಹಲಗೆಯ ಮೇಲೆ ಕೂತಿರುತ್ತಿದ್ದೆ. ಕೊನೆಗೆ ಯಾರೋ ಬಂದು ಬಸ್ಸು ಎತ್ತುತ್ತಿದ್ದರು, ಕೂಸು ಆ ಸೀಟಿನ ಮೇಲೇ ಇರುತ್ತಿತ್ತು. ಅವರು ಇಳಿದದ್ದು ಯಂಕೋಬ ಕೇಳಿದ್ದಕ್ಕೆ. ಇದು ನನಗೆ ಅವತ್ತೇ, ಪಾನಾ ಹಿಡಿದು ಕೂತಿದ್ದಾಗಲೇ ಗೊತ್ತಾಗಿತ್ತು. ಇಷ್ಟು ವರ್ಷ ಹೊಟ್ಟೆ ಉರಿದದ್ದು ಅದಕ್ಕೇ.